ಬಾಡಿಗೆ ಮನೆಗಳಿರುವ ಕಟ್ಟಡ ಮಾರುವಾಗ ಏನೇನು ಹೇಳಬೇಕು?

ನಾಲ್ಕು ಬಾಡಿಗೆ ಮನೆಗಳ ಕಟ್ಟಡ ಮಾರ್ತಿದ್ದೀನಿ, ಕರಾರಿನಲ್ಲಿ ‘ಇದ್ದದ್ದು ಇದ್ದ ಹಾಗೆ’ ಅಂತ ಬರೆಸಿದರೆ ಸಾಕಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಿ ಕೂರಬೇಡಿ ಸರ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಗೊತ್ತಾಗದ ಮುಖ್ಯ ದೋಷಗಳನ್ನು, ಕಟ್ಟಡದ್ದಾಗಲಿ ಹಕ್ಕಿನದ್ದಾಗಲಿ, ಮಾರುವವರೇ ತಿಳಿಸಬೇಕು. ಮುಚ್ಚಿಟ್ಟರೆ ಅದು ವಂಚನೆ. ಮೇಲಿನ ಬಚ್ಚಲಿಂದ ನೀರು ಜಿನುಗಿದ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಸಿದ್ದೀರಾ? ಅದನ್ನೂ ಹೇಳಿ.

ನಿಜವಾದ ತಲೆನೋವು ಭೋಗ್ಯಕ್ಕೆ ಕೊಟ್ಟ ಮನೆ. ಕರಾರು ನೋಂದಣಿ ಆಗಿಲ್ಲದಿದ್ದರೆ ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ, ಅದರ ಸುಳಿವೇ ಇರಲ್ಲ. ಯಾವ ಮನೆಯವರದು ಎಷ್ಟು ಲಕ್ಷ, ಅವಧಿ ಯಾವಾಗ ಮುಗಿಯುತ್ತೆ, ದುಡ್ಡು ವಾಪಸ್ ಕೊಡೋರು ಯಾರು, ಎಲ್ಲಾ ಕ್ರಯಪತ್ರದಲ್ಲೇ ಬರೆಸಿ. ಬೇರೆ ಮಾತಾಗಿರದಿದ್ದರೆ, ಮಾರಿದ ದಿನದವರೆಗಿನ ಕಂದಾಯ ನಿಮ್ಮದೇ.