ಸ್ವೀಡನ್ನಿನ ರಾಜಕುಮಾರ ಬರ್ಟಿಲ್ ಪ್ರೀತಿಸಿದವಳನ್ನು ಮದುವೆಯಾಗಲು 33 ವರ್ಷ ಕಾದದ್ದೇಕೆ?

ಮದುವೆಯಾಗಿದ್ದರೆ ಸಿಂಹಾಸನದ ಹಕ್ಕು ಹೋಗುತ್ತಿತ್ತು, ಅದಕ್ಕೇ. 1810ರ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಸಾಮಾನ್ಯ ಮನೆತನದ ಹೆಣ್ಣನ್ನು ಮದುವೆಯಾಗುವ ರಾಜಕುಮಾರ ಆ ಹಕ್ಕು ಕಳೆದುಕೊಳ್ಳುತ್ತಿದ್ದ. ಬರ್ಟಿಲ್‌ನ ಸಹೋದರರಾದ ಸಿಗ್ವಾರ್ಡ್ ಮತ್ತು ಕಾರ್ಲ್ ಯೋಹಾನ್ ಹಾಗೆಯೇ ಕಳೆದುಕೊಂಡಿದ್ದರು.

ಬರ್ಟಿಲ್‌ಗೆ ಲಿಲಿಯನ್ ಪರಿಚಯವಾದದ್ದು 1943ರಲ್ಲಿ, ಯುದ್ಧಕಾಲದ ಲಂಡನ್ನಿನಲ್ಲಿ. ಆತ ಅಲ್ಲಿ ಸ್ವೀಡನ್ ರಾಯಭಾರ ಕಚೇರಿಯ ನೌಕಾಪಡೆ ಅಧಿಕಾರಿ. ಈಕೆ ವೇಲ್ಸ್‌ನ ಸ್ವಾನ್‌ಸೀ ಊರಿನವಳು, ಆಗ ಇನ್ನೊಬ್ಬರ ಹೆಂಡತಿ ಬೇರೆ. 1947ರಲ್ಲಿ ವಿಚ್ಛೇದನವಾಯಿತು. ಆದರೆ ಅದೇ ವರ್ಷ ಜನವರಿಯಲ್ಲಿ ಕೋಪನ್‌ಹೇಗನ್ ವಿಮಾನ ದುರಂತದಲ್ಲಿ ಬರ್ಟಿಲ್‌ನ ಅಣ್ಣ ಗುಸ್ತಾಫ್ ಅಡಾಲ್ಫ್ ತೀರಿಹೋಗಿದ್ದ. ಅವನ ಮಗ ಕಾರ್ಲ್ ಗುಸ್ತಾಫ್‌ಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮಗು ದೊಡ್ಡದಾಗುವ ಮೊದಲೇ ಸಿಂಹಾಸನ ತೆರವಾದರೆ ರಾಜ್ಯಭಾರ ನೋಡಿಕೊಳ್ಳುವ ಹೊಣೆ ಬರ್ಟಿಲ್ ಹೆಗಲಿಗೇ ಬರುವಂತಿತ್ತು.

ಹಾಗಾಗಿ ಇಬ್ಬರೂ ಮದುವೆಯಿಲ್ಲದೆ ಒಟ್ಟಿಗಿದ್ದರು; ಅರಮನೆಯ ಅಧಿಕೃತ ಸಮಾರಂಭಗಳಲ್ಲಿ ಲಿಲಿಯನ್‌ಗೆ ಬಹುಕಾಲ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಹೆಚ್ಚು ಸಹಿಸಿದವಳು ಅವಳೇ. 1973ರಲ್ಲಿ ಪಟ್ಟಕ್ಕೇರಿದ ಆ ಅಣ್ಣನ ಮಗನೇ ಕೊನೆಗೆ ಒಪ್ಪಿಗೆ ಕೊಟ್ಟ. 1976ರ ಡಿಸೆಂಬರ್ 7ರಂದು ಡ್ರಾಟ್ನಿಂಗ್‌ಹೋಮ್ ಅರಮನೆಯ ಚರ್ಚಿನಲ್ಲಿ ಮದುವೆಯಾದಾಗ ವರನಿಗೆ 64, ವಧುವಿಗೆ 61.