ಈಜು ಬರುತ್ತದೆ, ಆದರೂ ತರಬೇತಿ ಬೇಕಾ?

ಪ್ರಶ್ನೆ: ನಾನು ತುಂಗಾ ಹೊಳೆಯಲ್ಲಿ ಈಜು ಕಲಿತವಳು. ಜೂನ್‌ನಲ್ಲಿ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದ ಜಂಬಿಯಾನಿಗೆ ಹೋಗಿ ಶಾಲೆಯೊಂದರಲ್ಲಿ ಸ್ವಯಂಸೇವಕಿಯಾಗಿ ಪಾಠ ಮಾಡಲಿದ್ದೇನೆ. ಹೋದ ಕೂಡಲೇ ಎರಡು ದಿನ ನೀರಿನ ಸುರಕ್ಷತೆಯ ತರಬೇತಿ ಕಡ್ಡಾಯವಂತೆ. ಈಜು ಬರುವವರಿಗೆ ಅದು ಸುಮ್ನೆ ಕಾಲಹರಣ ಅಲ್ವಾ? ನೀವು ಅಲ್ಲಿದ್ದು ಬಂದವರು, ಹೇಳಿ.
— ಓದುಗಿ, ತೀರ್ಥಹಳ್ಳಿ

ಉತ್ತರ: ಒಂದು ಗಂಟೆಯನ್ನೂ ತಪ್ಪಿಸಬೇಡಿ.

ಜಂಬಿಯಾನಿಯ ಕಡಲು ಹೊಳೆಯ ಹಾಗಲ್ಲ. ಇಳಿತದ ಹೊತ್ತಿಗೆ ನೀರು ದೂರದ ಹವಳದ ದಿಬ್ಬದವರೆಗೆ ಸರಿದುಹೋಗುತ್ತದೆ. ಉಳಿಯುವುದು ಮರಳು, ಅಲ್ಲಲ್ಲಿ ಮೊಣಕಾಲುದ್ದದ ನೀರು. ಕಡಲಪಾಚಿ ಬೆಳೆಯುವ ಹೆಂಗಸರು ಆಗಲೇ ನಡೆದುಹೋಗಿ, ಗೂಟಗಳಿಗೆ ಕಟ್ಟಿದ ಹಗ್ಗಗಳನ್ನು ನೋಡಿಕೊಂಡು ಬರುತ್ತಾರೆ. ನಿಮಗೂ ಹೋಗೋಣ ಅನಿಸುತ್ತದೆ. ಹೋಗಿ, ಆದರೆ ಅವರ ಜೊತೆಗೇ ಹೋಗಿ, ಅವರು ಹೊರಟಾಗ ಹೊರಟುಬಿಡಿ. ಉಬ್ಬರ ಬರುವಾಗ ಸದ್ದೇ ಇರುವುದಿಲ್ಲ. ನಿಮ್ಮ ಬೆನ್ನ ಹಿಂದಿನ ತಗ್ಗುಗಳು ಮೊದಲು ತುಂಬುತ್ತವೆ. ತಿರುಗಿ ನೋಡಿದರೆ ದಡ ಅಲ್ಲೇ ಇದೆ, ನಡುವೆ ಎದೆಮಟ್ಟದ ನೀರು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜಾಸ್ತಿ.

ಇಳಿತ ಶುರುವಾದಾಗ ಒಳಗಿನ ನೀರೆಲ್ಲ ದಿಬ್ಬದ ಸಂದಿಗಳಿಂದ ಹೊರಗೆ ನುಗ್ಗುತ್ತದೆ. ಆ ಸೆಳೆತಕ್ಕೆ ಎದುರಾಗಿ ಈಜಿದರೆ ಎಂಥವರಿಗೂ ತೋಳು ಸೋಲುತ್ತದೆ. ಅದಕ್ಕೇ ನಮಗೆ ಮೊದಲು ಮಾಡಿಸಿದ್ದು ಈಜಲ್ಲ, ಉಟ್ಟ ಬಟ್ಟೆಯಲ್ಲೇ ಅಂಗಾತ ತೇಲುವುದು. ಒದ್ದೆಯಾದ ಚೂಡಿದಾರ್ ಕಾಲಿಗೆ ಹೇಗೆ ಸುತ್ತಿಕೊಳ್ಳುತ್ತದೆ ಅಂತ ಅವತ್ತೇ ಗೊತ್ತಾಗಬೇಕು. ತೇಲಿ, ಕೈ ಎತ್ತಿ ಸನ್ನೆ ಮಾಡಿ, ಉಸಿರು ಹತೋಟಿಗೆ ಬಂದ ಮೇಲೆ ಅಡ್ಡಕ್ಕೆ ಈಜಿ ಸೆಳೆತದಿಂದ ಆಚೆ ಬರುವುದು.

ನನ್ನ ಮಟ್ಟಿಗೆ ತರಬೇತಿಯ ಜೀವಾಳ ಎರಡನೇ ದಿನದ್ದು. ತರಬೇತುದಾರ ಮುಳುಗುವವನಂತೆ ಕೈ ಬಡಿದ. ನಮ್ಮ ಪೈಕಿ ಚೆನ್ನಾಗಿ ಈಜುವವಳೊಬ್ಬಳು ಹತ್ತಿರ ಹೋದಳು. ಅವನು ಅವಳ ಹೆಗಲು ಹಿಡಿದು ಮೇಲೇರಿದ, ಅವಳ ತಲೆ ನೀರೊಳಗೆ. ನಿಜವಾಗಿ ಮುಳುಗುವವರು ಬೇಕಂತಲೇ ಮಾಡುವುದಿಲ್ಲ, ಆದರೆ ಮಾಡುವುದು ಅದನ್ನೇ. ನಮ್ಮ ಕೃಷಿಹೊಂಡಗಳಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿ ಓದುತ್ತಲೇ ಇರುತ್ತೇವಲ್ಲ. ಮಕ್ಕಳ ಜೊತೆ ಇರುವ ನಿಮಗೆ ನೀರಿಗೆ ಹಾರಬೇಕು ಅನಿಸಿಯೇ ಅನಿಸುತ್ತದೆ. ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಮಲಗಿಕೊಂಡು ಕೋಲೋ ದುಪಟ್ಟಾವೋ ಚಾಚಿ. ದೋಣಿಯವರನ್ನು ಕೂಗಿ.

ಮೇಲೆತ್ತಿದವರು ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ ಮೊದಲು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಕೊಡಬೇಕು, ಆಮೇಲೆ 30 ಸಲ ಎದೆ ಒತ್ತಿ 2 ಉಸಿರು, ಹೀಗೇ ಮುಂದುವರಿಸಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವುದು, ಉಪ್ಪಿನ ರಾಶಿಯಲ್ಲಿ ಮಲಗಿಸುವುದು, ಇವೆಲ್ಲ ಇರುವ ಒಂದೆರಡು ನಿಮಿಷವನ್ನೂ ಕಳೆಯುತ್ತವೆ. ಇದನ್ನು ತರಬೇತಿಯ ಗೊಂಬೆಯ ಮೇಲೆ ಕೈ ನೋಯುವಷ್ಟು ಅಭ್ಯಾಸ ಮಾಡಿ.

ಜೂನ್‌ನಲ್ಲಿ ಅಲ್ಲಿ ಕೂಸಿ ಗಾಳಿ, ಆಗ್ನೇಯದಿಂದ ಬೀಸುತ್ತದೆ, ಕಡಲು ಒರಟು. 2012ರ ಜುಲೈ 18ರಂದು ದಾರ್ ಎಸ್ ಸಲಾಮ್‌ನಿಂದ ಜಾಂಜಿಬಾರ್‌ಗೆ ಬರುತ್ತಿದ್ದ ಸ್ಕಾಗಿಟ್ ಹಡಗು ಮಗುಚಿದ್ದು ಇದೇ ಗಾಳಿಯ ಕಾಲದಲ್ಲಿ. ಜನ ಕಿಕ್ಕಿರಿದ ಹಡಗು ಬಿಟ್ಟುಬಿಡಿ, ಮರುದಿನ ಹೋದರಾಯಿತು. ಸಣ್ಣ ದೋಣಿಯಾದರೆ ಲೈಫ್ ಜಾಕೆಟ್ ಹಾಕಿಕೊಂಡು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ. ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ.

ಬಟ್ಟೆಯ ಮುಜುಗರ ಬೇಡ. ಉತ್ತರದ ನುಂಗ್ವಿಯಲ್ಲಿ ಪಂಜೆ ಪ್ರಾಜೆಕ್ಟ್‌ನವರು ಹೆಣ್ಣುಮಕ್ಕಳಿಗೆ ಮೈತುಂಬ ಮುಚ್ಚುವ ಉಡುಗೆಯಲ್ಲೇ ಈಜು ಕಲಿಸಿದ್ದಾರೆ. ನೀವೂ ತುಂಬುತೋಳಿನದು ಒಂದು ಕೊಂಡುಕೊಳ್ಳಿ. ಜೊತೆಗೆ ದಪ್ಪ ಅಟ್ಟೆಯ ನೀರಿನ ಶೂ, ಇಲ್ಲಿಂದಲೇ. ಅಲ್ಲಿನ ಮರಳಲ್ಲಿ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಕಡಲಜೀವಿಯ ಮುಳ್ಳು ಬಹಳ. ಚುಚ್ಚಿದರೆ ಸುಡದಷ್ಟು ಬಿಸಿಯ ನೀರಲ್ಲಿ ಕಾಲಿಟ್ಟು ಅರ್ಧ ಗಂಟೆ ಕೂರಿ, ನೋವು ಇಳಿಯುತ್ತದೆ.