ಬಿಪಿಸಿ-157 ಚುಚ್ಚಿಸಿಕೊಂಡರೆ ಮೊಣಕಾಲಿನ ಸವೆದ ಮೃದ್ವಸ್ಥಿ (ಕಾರ್ಟಿಲೇಜ್) ಮತ್ತೆ ಬೆಳೆಯುತ್ತದೆಯೇ?

ಬೆಳೆಯುತ್ತದೆ ಎನ್ನಲು ಮನುಷ್ಯರಲ್ಲಿ ಪುರಾವೆ ಇಲ್ಲ. ಇದು 15 ಅಮೈನೋ ಆಮ್ಲಗಳನ್ನು ಜೋಡಿಸಿ ಲ್ಯಾಬಿನಲ್ಲಿ ಮಾಡಿದ ಪೆಪ್ಟೈಡ್. ಪ್ರಯೋಗಗಳು ಜಾಸ್ತಿ ಇಲಿಗಳ ಮೇಲೆ, ಅದರಲ್ಲೂ ಬಹುಪಾಲು ಕ್ರೊಯೇಷಿಯಾದ ಝಾಗ್ರೆಬ್‌ನ ಒಂದೇ ತಂಡದ್ದು. ಅಲ್ಲಿ ಸ್ನಾಯು, ಸ್ನಾಯುರಜ್ಜುಗಳ ಗಾಯ ಬೇಗ ಮಾಗಿದೆ. ಹೊಸ ರಕ್ತನಾಳ ಬೆಳೆಯುವುದೂ ಅದಕ್ಕೆ ಒಂದು ಕಾರಣ ಎನ್ನುತ್ತಾರೆ. ಆದರೆ ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇರುವುದಿಲ್ಲ ಅಲ್ವಾ? ಹಾಗಾಗಿ ಅಲ್ಲಿನ ಫಲಿತಾಂಶವನ್ನು ಇಲ್ಲಿಗೆ ಸುಮ್ನೆ ಅನ್ವಯಿಸಲಾಗದು.

ಇದನ್ನು ಚುಚ್ಚಿಸಿಕೊಂಡ ಮೊಣಕಾಲು ನೋವಿನವರ ಬಗ್ಗೆ 2021ರಲ್ಲಿ ಒಂದು ಪುಟ್ಟ ವರದಿ ಬಂತು. ಹಲವರಿಗೆ ನೋವು ಇಳಿದಿತ್ತು. ಆದರೆ ಹೋಲಿಸಿ ನೋಡಲು ಔಷಧಿ ಕೊಡದ ಗುಂಪೇ ಇರಲಿಲ್ಲ. ನೋವು ಇಳಿದರೆ ಮೃದ್ವಸ್ಥಿ ಬೆಳೆಯಿತು ಎಂದಲ್ಲ.

ಆಟಗಾರರಿಗೆ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) 2022ರಿಂದ ಇದನ್ನು ನಿಷೇಧಿಸಿದೆ. ‘ಸಂಶೋಧನೆಗೆ ಮಾತ್ರ’ ಎಂದು ಆನ್‌ಲೈನಿನಲ್ಲಿ ಮಾರುವ ಸೀಸೆಯನ್ನು ದಯವಿಟ್ಟು ಚುಚ್ಚಿಕೊಳ್ಳಬೇಡಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಇವೆರಡರಿಂದ ಮೊಣಕಾಲು ನೋವು ಇಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇದೆ.